ನಾನು ಬರೆದ ಚಂದ್ರ

ನಾನು ಊಟದ ಡಬ್ಬಿಗಿಂತ ತುಸು ದೊಡ್ಡದಾದ ಒಂದು ಬೂದು ಬಣ್ಣದ ತಗಡಿನ ಪೆಟ್ಟಿಗೆ. ಮುಂದೆ ಪುಟ್ಟ ಪರದೆ, ಅದರ ಕೆಳಗೆ ರಬ್ಬರಿನ ಗುಂಡಿಗಳು, ಬೆನ್ನಿನಲ್ಲಿ ಎರಡು ದಪ್ಪ ತಂತಿಗಳು. ಒಂದು ತಂತಿಯ ತುದಿಯ ಮೋಟರು ಎಡಕ್ಕೂ ಬಲಕ್ಕೂ ಓಡುತ್ತದೆ. ಇನ್ನೊಂದರದು ಮುಂದಕ್ಕೂ ಹಿಂದಕ್ಕೂ ಓಡುತ್ತದೆ. ಎರಡಕ್ಕೂ ನೇರ ದಾರಿ ಮಾತ್ರ ಗೊತ್ತು. ಅವೆರಡನ್ನೂ ಲೆಕ್ಕ ಹಾಕಿ ಓಡಿಸುವುದು ನನ್ನ ಕೆಲಸ. ಜನ ನನ್ನನ್ನು ಕಂಟ್ರೋಲರ್ ಎನ್ನುತ್ತಾರೆ.

ನನ್ನನ್ನು ಜೋಡಿಸಿದ್ದು ಮೈಸೂರಿನ ಒಂದು ಕಾರ್ಖಾನೆಯಲ್ಲಿ. ಕರಗಿದ ಬೆಸುಗೆಯ ಅಲೆ ನನ್ನ ಹಸಿರು ಹಲಗೆಯ ಕೆಳಗೆ ಹಾದುಹೋಯಿತು. ಬಿಡಿಬಿಡಿಯಾಗಿದ್ದ ನಾನು ಒಂದಾದೆ. ನನಗೆ ಮೊದಲು ವಿದ್ಯುತ್ತು ಕೊಟ್ಟವರು ಪುಟ್ಟಗೌರಮ್ಮ ಎಂಬ ಹೆಂಗಸು. ಪೆಟ್ಟಿಗೆಗಳನ್ನು ಪರೀಕ್ಷೆ ಮಾಡಿ ಸಾಗಹಾಕುವುದು ಅವರ ಕೆಲಸ. ಅವರು ನನಗೆ ಎರಡು ಮೋಟರು ಕಟ್ಟಿ, ಒಂದು ಪೆನ್ನು ಸಿಕ್ಕಿಸಿ, ಮೊದಲು ನೇರ ಗೆರೆಗಳನ್ನು ಬರೆಸಿದರು. ಕೊನೆಯಲ್ಲಿ ಒಂದು ಕಂಸವನ್ನು, ಅಂದರೆ ವೃತ್ತದ ಒಂದು ತುಂಡನ್ನು, ಬರೆಯಲು ಹೇಳಿದರು.

ಆ ಹೊತ್ತು ನನಗಾದ ಬೆರಗನ್ನು ಹೇಗೆ ಹೇಳಲಿ? ಎಡಬಲದ ಮೋಟರು ಜೋರಾಗಿ ಹೊರಟು ಬರಬರುತ್ತಾ ನಿಧಾನವಾಯಿತು. ಹಿಂದೆಮುಂದಿನದು ನಿಂತಲ್ಲಿಂದ ಹೊರಟು ಬರಬರುತ್ತಾ ಜೋರಾಯಿತು. ಒಂದು ಪೂರ್ತಿ ನಿಂತ ಕ್ಷಣದಲ್ಲಿ ಇನ್ನೊಂದು ತನ್ನ ಶಕ್ತಿಯನ್ನೆಲ್ಲ ಹಾಕಿ ಓಡುತ್ತಿತ್ತು. ಎರಡೂ ನೇರವಾಗಿಯೇ ನಡೆದವು. ಆದರೆ ಹಾಳೆಯ ಮೇಲೆ ಮೂಡಿದ್ದು ಬಾಗಿದ ಗೆರೆ! ಯಾವ ಮೋಟರೂ ಬಾಗಿರಲಿಲ್ಲ. ಹಾಗಾದರೆ ಆ ಬಾಗು ಎಲ್ಲಿಂದ ಬಂತು?

ಪುಟ್ಟಗೌರಮ್ಮನಿಗೆ ಇದು ದಿನದ ಕೆಲಸ. "ಸರಿಯಾಗದೆ ಕಣೆ, ಕಟ್ಬುಡು ಇದ್ನ" ಎಂದು ಪಕ್ಕದವಳಿಗೆ ಹೇಳಿ ನನ್ನ ಬೆನ್ನಿಗೆ ಒಂದು ಮುದ್ರೆ ಒತ್ತಿದರು.

ಲಾರಿ ನನ್ನನ್ನು ಬೆಳಗಾವಿಯ ಉದ್ಯಮಬಾಗಕ್ಕೆ ತಂದಿತು. ಅಲ್ಲಿ ಬಶೀರ್ ಅಹ್ಮದ್ ಕಿಲ್ಲೇದಾರ ಎಂಬವರ ವರ್ಕ್‌ಶಾಪು. ಪಂಪಿನ ಎರಡು ಕಬ್ಬಿಣದ ಬಾಯಿಗಳ ನಡುವೆ ನೀರು ಸೋರದಂತೆ ಇಡುವ ರಬ್ಬರಿನ ಬಳೆಗೆ ಗ್ಯಾಸ್ಕೆಟ್ ಎನ್ನುತ್ತಾರೆ. ಬಶೀರಸಾಹೇಬರ ತಂದೆಯ ಕಾಲದಿಂದ ಅವನ್ನು ಉಳಿ ಸುತ್ತಿಗೆಯಿಂದ ಕತ್ತರಿಸುತ್ತಿದ್ದರು. ಈಗ ಒಂದು ಉದ್ದ ಮೇಜು, ಅದರ ಮೇಲೆ ಓಡಾಡುವ ಚಾಕು, ಆ ಚಾಕುವನ್ನು ಇಳಿಸಿ, ಎತ್ತಿ, ನಡೆಸಲು ನಾನು.

ನನ್ನನ್ನು ಒಪ್ಪಿಸಿದ್ದು ವೈಜಯಂತಿ ಚೌಗುಲೆಗೆ. ಶೇಡಬಾಳದವಳು, ಡಿಪ್ಲೊಮಾ ಮುಗಿಸಿ ಆಗಷ್ಟೇ ಮದುವೆಯಾಗಿ ಬೆಳಗಾವಿಗೆ ಬಂದವಳು. ಬಂದ ದಿನವೇ ಸ್ಟೂಲು ಎಳೆದುಕೊಂಡು ನನ್ನೆದುರು ಕೂತಳು. ನೇರ ಗೆರೆಗಳು ಬೇಗ ಬಂದವು. ಆಮೇಲೆ ಒಂದು ಪೂರ್ತಿ ವೃತ್ತ ಬರೆಸಲು ಹೊರಟಳು. ಎಲ್ಲಿಂದ ಹೊರಡಬೇಕು, ಎಲ್ಲಿಗೆ ಬಂದು ಸೇರಬೇಕು, ತ್ರಿಜ್ಯ ಎಷ್ಟು, ಎಲ್ಲವನ್ನೂ ಹೇಳಿ ಗುಂಡಿ ಒತ್ತಿದಳು. ನಾನು ಅಲ್ಲಾಡಲಿಲ್ಲ.

"ಏನಾತ್ರಿ ಇದಕ್ಕ? ಹೊಸಾದು ಐತಿ, ಈಗs ಕೆಟ್ಟಿತೇನ?" ಎಂದು ಬಶೀರಸಾಹೇಬರು ಚಹದ ಗ್ಲಾಸು ಹಿಡಿದು ಬಂದರು.

ನಾನು ಕೆಟ್ಟಿರಲಿಲ್ಲ. ಹೊರಟಲ್ಲಿಗೇ ಬಂದು ಸೇರು ಎಂದಿದ್ದಳು. ನಾನು ಆಗಲೇ ಅಲ್ಲಿದ್ದೆ. ವೈಜಯಂತಿ ಗಲ್ಲಕ್ಕೆ ಕೈ ಹಚ್ಚಿ ಬಹಳ ಹೊತ್ತು ಕೂತಳು. ಆಮೇಲೆ ಮೇಜಿನ ಮೇಲೆ ಬೆರಳಿಟ್ಟು, ಆ ಬೆರಳನ್ನು ಮುಟ್ಟಿ ಹೋಗುವಂತೆ ಇನ್ನೊಂದು ಕೈಯಿಂದ ಗಾಳಿಯಲ್ಲಿ ಒಂದು ವೃತ್ತ ಬರೆದಳು. ಮತ್ತೊಂದು ದಿಕ್ಕಿಗೆ ಮತ್ತೊಂದು. ಇನ್ನೂ ಒಂದು. ನೋಡನೋಡುತ್ತಾ ಅವಳ ಮುಖ ಅರಳಿತು.

"ಸಾಹೇಬರ, ಒಂದ ಬಿಂದುವಿನ ಮ್ಯಾಲೆ ಹಾದುಹೋಗೋ ವೃತ್ತ ಲೆಕ್ಕ ಇಲ್ಲದಷ್ಟು ಅದಾವ್ರಿ. ಯಾವದು ಬೇಕು ಅಂತ ನಾ ಹೇಳೇ ಇಲ್ಲ. ನಡುವಿನ ಬಿಂದು ಎಲ್ಲಿ ಐತಿ ಅಂತ ಹೇಳಬೇಕಿತ್ತು."

ಹೇಳಿದಳು. ಚಾಕು ಇಳಿಯಿತು. ಕಪ್ಪು ರಬ್ಬರಿನ ಹಾಳೆಯಿಂದ ಒಂದು ದೊಡ್ಡ ಬಳೆ ಬಿಡಿಸಿಕೊಂಡು ಬಂತು. ಬಶೀರಸಾಹೇಬರು ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿ, "ಅಬ್ಬಾ ಇರಬೇಕಿತ್ತು" ಎಂದು ತೀರಿಕೊಂಡ ತಂದೆಯನ್ನು ನೆನೆದರು.

ಹೀಗೆ ಶುರುವಾದ ನಮ್ಮ ಕೆಲಸ ವರ್ಷಗಳ ಕಾಲ ನಡೆಯಿತು. ಕಂಸಕ್ಕೆ ಕಂಸ ಜೋಡಿಸಿ ವೈಜಯಂತಿ ಬರೆಸದ ಆಕಾರವಿಲ್ಲ. ಹೂವಿನ ದಳದಂಥವು, ಮೊಟ್ಟೆಯಂಥವು, ಕಿವಿಯಂಥವು. ಒಂದು ಕಂಸ ಮುಗಿದು ಇನ್ನೊಂದು ಶುರುವಾಗುವ ಕಡೆ ಕೈಗೆ ಗೆರೆ ತಾಗಬಾರದು, ನೀರು ಹರಿದಂತೆ ಹರಿಯಬೇಕು ಎಂಬುದು ಅವಳ ಹಟ. ಅವಳು ಕೊಟ್ಟ ಲೆಕ್ಕದಲ್ಲಿ ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ನಾನು ಕೆಂಪು ದೀಪ ಹಚ್ಚಿ ನಿಂತುಬಿಡುತ್ತಿದ್ದೆ. "ಭಾಳ ಹಟಮಾರಿ ಐತಿ ನೋಡ್ರಿ" ಎಂದು ಬೈಯುತ್ತಿದ್ದಳು. ಬೈಗುಳದಲ್ಲಿ ಸಿಟ್ಟಿರುತ್ತಿರಲಿಲ್ಲ.

ಆಮೇಲೆ ಒಂದು ಮಧ್ಯಾಹ್ನ ಚಾಕು ಮುರಿಯಿತು. ಹಾಳೆಯನ್ನು ಹಿಡಿದಿಡುವ ಕಬ್ಬಿಣದ ಚಿಮಟ ಮೇಜಿನ ಬಲತುದಿಯಲ್ಲಿತ್ತು. ವೈಜಯಂತಿ ಹೇಳಿದ ದಾರಿ ನೇರ ಅದರ ಮೇಲೆಯೇ ಇತ್ತು. ನಾನು ಹೇಳಿದಂತೆ ಹೋದೆ. ಢಣ್ ಎಂದು ಚಾಕುವಿನ ತುಂಡು ಹಾರಿ ಗೋಡೆಗೆ ಬಡಿಯಿತು.

"ಅಲ್ಲೇ ಕಣ್ಮುಂದ ಇತ್ತಲ್ಲವಾ ಚಿಮಟ!" ಎಂದರು ಬಶೀರಸಾಹೇಬರು.

"ಕಾಣಲಿಲ್ರಿ" ಎಂದಳು ವೈಜಯಂತಿ. ಹೇಳಿ, ಮೇಜಿನ ಬಲತುದಿಗೆ ಹೋಗಿ ಚಿಮಟವನ್ನು ಮುಟ್ಟಿ ನೋಡಿದಳು. ಕೆಲವು ತಿಂಗಳಿಂದ ಅವಳು ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿಕೊಳ್ಳುತ್ತಿದ್ದಳು. ಸಂಜೆಯಾಗುವ ಮೊದಲೇ ದೀಪ ಹಚ್ಚಿಸುತ್ತಿದ್ದಳು. ಎಲ್ಲರೂ ದಣಿವು ಅಂದುಕೊಂಡಿದ್ದರು.

ಗಂಡ ಅಜಿತ ಅವಳನ್ನು ಹುಬ್ಬಳ್ಳಿಯ ಕಣ್ಣಿನ ಡಾಕ್ಟರ ಬಳಿ ಕರೆದೊಯ್ದ. ಬಂದ ಮೇಲೆ ಅವಳು ನನ್ನೆದುರಿನ ಸ್ಟೂಲಿನ ಮೇಲೆ ಕೂತೇ ಬಶೀರಸಾಹೇಬರಿಗೆ ವಿಷಯ ಹೇಳಿದಳು. "ಅಂಚಿನಿಂದ ಕಡಿಮಿ ಆಗಕೋತ ಬರತೈತಂತ್ರಿ. ನಡುವಿಂದು ಕಡೀಕ ಹೋಗ್ತೈತಿ. ಔಷಧ ಇಲ್ಲಂತ."

ಬಶೀರಸಾಹೇಬರು ಮರುದಿನ ಬಂದು ಎಲ್ಲ ಚಿಮಟಗಳಿಗೂ ಹಳದಿ ಬಣ್ಣ ಬಳಿದರು. ಹಾಳೆ ಬಿಗಿಯುವ ಕೆಲಸವನ್ನು ತಾವೇ ಹಿಡಿದರು. ವೈಜಯಂತಿ ಪರದೆಗೆ ಮೂಗು ತಾಗುವಷ್ಟು ಬಗ್ಗಿ ಅಂಕಿಗಳನ್ನು ಓದುತ್ತಿದ್ದಳು. ಅವಳ ಉಸಿರಿನಿಂದ ನನ್ನ ಗಾಜು ಮಂಜಾಗುತ್ತಿತ್ತು. ನಡುಬೆರಳಿನಿಂದ ಒರೆಸಿ ಮತ್ತೆ ಓದುತ್ತಿದ್ದಳು. ವೃತ್ತದ ಲೆಕ್ಕವೆಲ್ಲ ತಲೆಯಲ್ಲೇ ಇತ್ತು, ಅದಕ್ಕೆ ಕಣ್ಣು ಬೇಕಿರಲಿಲ್ಲ. ಹೀಗೂ ಬಹಳ ದಿನ ನಡೆಯಿತು.

ಕೊನೆಗೆ ಒಂದು ದಿನ ಬಶೀರಸಾಹೇಬರು ಮೇಜಿನ ಮೇಲೆ ಬಾಗಿ ಹಾಳೆಯ ಸುಕ್ಕು ಬಿಡಿಸುತ್ತಿದ್ದಾಗ ಅವಳು ಗುಂಡಿ ಒತ್ತಿದಳು. ಅವರು ಅಲ್ಲಿರುವುದು ಅವಳಿಗೆ ಕಾಣಿಸಿರಲಿಲ್ಲ. ಅವರು ಚೀರಿ ಕೈ ಎಳೆದುಕೊಂಡರು. ಚಾಕು ಅಂಗಿಯ ತೋಳನ್ನು ಸೀಳಿಕೊಂಡು ಹೋಯಿತು.

ವೈಜಯಂತಿ ನನ್ನನ್ನು ಆರಿಸಿದಳು. ಸ್ಟೂಲಿನಿಂದ ಎದ್ದಳು. "ಸಾಹೇಬರ, ನಾ ಬರ್ತೀನ್ರಿ."

"ಏನೂ ಆಗಿಲ್ಲವಾ. ಅಂಗಿ ಹರದೈತಿ, ಅಷ್ಟ. ನಿನಗ ಹೋಗು ಅಂತ ಯಾರ ಅಂದಾರ?"

"ಯಾರೂ ಅಂದಿಲ್ರಿ. ನಾನs ಅನ್ನಾಕತ್ತೀನಿ."

ಅವಳು ಗೋಡೆ ಮುಟ್ಟಿಕೊಂಡು ಬಾಗಿಲವರೆಗೆ ಹೋದದ್ದನ್ನು ನಾನು ಕೇಳಿದೆ. ಬಶೀರಸಾಹೇಬರು ಹರಿದ ತೋಳನ್ನು ಇನ್ನೊಂದು ಕೈಯಲ್ಲಿ ಹಿಡಿದು ನಿಂತೇ ಇದ್ದರು.

ಅವಳು ಹೋದ ಮೇಲೆ ಬಂದವರಿಗೆ ನಾನು ಹಳೆಯ ಪೆಟ್ಟಿಗೆ. ಬಣ್ಣದ ಪರದೆಯ ಹೊಸ ಯಂತ್ರ ಬಂತು. ಅದಕ್ಕೆ ಚಿತ್ರ ತೋರಿಸಿದರೆ ಸಾಕು, ದಾರಿಯನ್ನು ಅದೇ ಕಂಡುಕೊಳ್ಳುತ್ತದೆ. ನನ್ನನ್ನೂ ನನ್ನ ಮೇಜನ್ನೂ ಹಿಂದಿನ ಗೋಡೆಗೆ ನಿಲ್ಲಿಸಿದರು. ರಬ್ಬರಿನ ಪುಡಿ ನನ್ನ ಮೇಲೆ ಕೂತಿತು. ಗುಜರಿಯವನು ಒಮ್ಮೆ ಬಂದು ಮೇಜಿನ ಕಾಲನ್ನು ಎತ್ತಿ ತೂಕ ಅಂದಾಜು ಮಾಡಿ ಹೋದ.

ಅವನು ಮತ್ತೆ ಬರುವ ಮೊದಲು ವೈಜಯಂತಿ ಬಂದಳು. ಕೈಯಲ್ಲಿ ಬಿಳಿ ಕೋಲು. ಜೊತೆಗೆ ಇನ್ನೊಂದು ಬಿಳಿ ಕೋಲು ಹಿಡಿದ, ಎತ್ತರದ, ನಗುಮುಖದ ಗಂಡಸು. ಊರಾಚೆಯ ಅಂಧ ಹೆಣ್ಣುಮಕ್ಕಳ ಶಾಲೆಯಲ್ಲಿ ಗಣಿತ ಕಲಿಸುವ ಈರಣ್ಣ ಹೂಲಿ ಮಾಸ್ತರರು. ಹುಟ್ಟಿನಿಂದಲೇ ಕಣ್ಣಿಲ್ಲದವರು. ವೈಜಯಂತಿಗೆ ಬ್ರೈಲ್ ಕಲಿಸಿದವರು ಅವರೇ.

"ಸಾಹೇಬರ, ಆ ಹಳೇ ಕಂಟ್ರೋಲರ್ ಇನ್ನೂ ಐತೇನ್ರಿ?" ಎಂದಳು ವೈಜಯಂತಿ.

"ಐತಿ. ಯಾಕವಾ?"

ಉತ್ತರ ಕೊಟ್ಟವರು ಮಾಸ್ತರರು. "ನಮ್ಮ ಶಾಲಿಯೊಳಗ ರೇಖಾಗಣಿತದ ಪಾಠ ಬಂತಂದ್ರ ಪುಸ್ತಕ ಮುಚ್ಚಿ ಮುಂದಿನ ಪಾಠಕ್ಕ ಹೋಗೋದು ಪದ್ಧತಿ ಆಗೈತ್ರಿ. ಚಿತ್ರ ಇವರಿಗ್ಯಾಕ ಅಂತ ಎಲ್ಲಾರೂ ಅಂತಾರ. ನನಗೂ ಹಂಗs ಮಾಡಿದ್ರು. ವೃತ್ತ ಅಂದ್ರೇನು ಅಂತ ಕೇಳ್ರಿ, ವ್ಯಾಖ್ಯೆ ಹೇಳ್ತೀನಿ. ಬಳಿ ಮುಟ್ಟೀನಿ, ತಾಟು ಮುಟ್ಟೀನಿ. ಆದ್ರ ಬರದ ವೃತ್ತ ಮುಟ್ಟಿಲ್ಲ. ಈ ವರ್ಷ ನನ್ನ ಹುಡುಗ್ಯಾರು ಆ ಪಾಠ ಬಿಡಬಾರದು ಅಂತ ಆಸೆ."

ಬಶೀರಸಾಹೇಬರು ನನ್ನ ಮೇಲಿನ ಧೂಳು ಹೊಡೆದರು. ಚಾಕು ಬಿಚ್ಚಿ ಆ ಜಾಗದಲ್ಲಿ ತುದಿ ಮೊಂಡಾದ ಉಕ್ಕಿನ ಮೊಳೆಯೊಂದನ್ನು ಕೂಡಿಸಿದರು. ಮೇಜಿನ ಮೇಲೆ ಮೆತ್ತನೆಯ ರಬ್ಬರು ಹಾಸಿದರು. ಅದರ ಮೇಲೆ ದಪ್ಪ ಕಾಗದ ಇಟ್ಟು ಮೊಳೆ ಒತ್ತಿ ನಡೆಸಿದರೆ ಕಾಗದದ ಕೆಳಬದಿಗೆ ಗೆರೆ ಉಬ್ಬಿ ಬರುತ್ತದೆ. ಅಜಿತ ನನ್ನ ಗುಂಡಿಗಳ ಮೇಲೆ ಬ್ರೈಲ್ ಚುಕ್ಕೆಗಳನ್ನು ಅಂಟಿಸಿದ. ಟೆಂಪೋದಲ್ಲಿ ನಾವೆಲ್ಲ ಶಾಲೆಗೆ ಹೋದೆವು.

ಮೊದಲ ವೃತ್ತವನ್ನು ವೈಜಯಂತಿ ಒಂದೊಂದೇ ಗುಂಡಿಯನ್ನು ಮುಟ್ಟಿ ನೋಡಿ ಬರೆಸಿದಳು. ನಡುವೆ ಒಂದು ಚುಕ್ಕೆ. ಹಾಳೆ ತಿರುವಿ ಮಾಸ್ತರರ ಮುಂದಿಟ್ಟಳು. ಅವರು ಹೆಬ್ಬೆರಳನ್ನು ಚುಕ್ಕೆಯ ಮೇಲಿಟ್ಟರು. ಕಿರುಬೆರಳನ್ನು ಚಾಚಿ ಗೆರೆಗೆ ತಾಗಿಸಿದರು. ಹೆಬ್ಬೆರಳು ಕದಲಿಸದೆ ಕೈಯನ್ನು ನಿಧಾನವಾಗಿ ಸುತ್ತ ತಿರುಗಿಸಿದರು. ತಿರುಗಲಾರದಾದಾಗ ಎದ್ದು ನಿಂತು ತಾವೇ ಮೇಜಿನ ಸುತ್ತ ನಡೆದರು. ಕಿರುಬೆರಳು ಗೆರೆಯನ್ನು ಬಿಡಲಿಲ್ಲ.

"ಎಲ್ಲೂ ತಪ್ಪಲಿಲ್ಲ" ಎಂದರು. "ನಾ ಇಷ್ಟ ವರ್ಷ ಬಾಯಿಲೆ ಹೇಳಿದ್ದು ಖರೇ ಐತಿ."

ಮೊದಲ ದಿನವೇ ವಿದ್ಯೆಯೂ ಬಂತು, ತಕರಾರೂ ಬಂತು. ತಕರಾರು ತಂದವಳು ಸಾವಂತ್ರೆವ್ವ. ಗೋಕಾಕದ ಕಡೆಯ ಹುಡುಗಿ, ತರಗತಿಯಲ್ಲಿ ಎಲ್ಲಕ್ಕಿಂತ ಹರಿತ ನಾಲಿಗೆ ಅವಳದು. ವೃತ್ತದ ಮೇಲೆ ಬೆರಳಾಡಿಸಿ ಹೇಳಿದಳು:

"ಟೀಚರ, ಇದು ನುಣ್ಣಗ ಇಲ್ರಿ. ನಾಕು ಕಡೆ ಗಂಟು ಅದಾವ."

"ಗಂಟೇ? ಸಾಧ್ಯ ಇಲ್ಲ" ಎಂದು ವೈಜಯಂತಿ ಮುಟ್ಟಿದಳು. ಅವಳಿಗೆ ಸಿಗಲಿಲ್ಲ. ಸಾವಂತ್ರೆವ್ವ ಅವಳ ಬೆರಳು ಹಿಡಿದು ತೋರಿಸಿದಳು. ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ. ಸಾಸಿವೆಗಿಂತ ಸಣ್ಣವು.

ವೈಜಯಂತಿ ಜೋರಾಗಿ ನಕ್ಕಳು. "ಎಷ್ಟೋ ವರ್ಷ ಇದರ ಮುಂದ ಕುಂತು ಕಣ್ಣಿಲೆ ನೋಡೀನಲ್ಲ, ನನಗ ಒಮ್ಮಿನೂ ಕಂಡಿಲ್ಲವಾ ಇವು!"

ಅವು ಏನೆಂದು ಹೇಳುವ ಬದಲು ಅವಳು ಸಾವಂತ್ರೆವ್ವನ ಎಡಗೈಯನ್ನು ಒಂದು ಮೋಟರಿನ ಮೇಲೆ, ಬಲಗೈಯನ್ನು ಇನ್ನೊಂದರ ಮೇಲೆ ಇರಿಸಿ ನನ್ನನ್ನು ಓಡಿಸಿದಳು. ಹುಡುಗಿ ತುಟಿ ಕಚ್ಚಿ ನಿಂತಳು.

"ಇದು ಜೋರಾತು... ಅದು ಸಾವಕಾಶ ಆತು... ಟೀಚರ, ಇದು ನಿಂತs ಬಿಡ್ತು! ಮತ್ತ ಹಿಂದ ಹೊಂಟೈತಿ!"

"ಅಲ್ಲೇ ನಿನ್ನ ಗಂಟು. ಒಂದು ಮೋಟರು ಹೋಗೋದು ಮುಗಿಸಿ ಹಿಂದ ತಿರಗೋ ಜಾಗ. ಕಣ್ಣು ಮುಚ್ಚಿ ತಗಿಯೂದ್ರಾಗ ತಿರಗತೈತಿ. ಅದನ್ನ ನೀ ಹಿಡದಿ."

ತರಗತಿಯ ಎಲ್ಲರೂ ಸಾಲುಗಟ್ಟಿ ಬಂದರು. ಅಷ್ಟು ಕೈಗಳು ಒಟ್ಟಿಗೆ ನನ್ನ ಮೋಟರುಗಳನ್ನು ಮುಟ್ಟಿದ್ದು ಅದೇ ಮೊದಲು. ಎಲ್ಲರ ಬಾಯಲ್ಲೂ ಒಂದೇ ಉದ್ಗಾರ. ಆಗ ನನಗೊಂದು ವಿಷಯ ಹೊಳೆಯಿತು. ನನಗೂ ಕಣ್ಣಿಲ್ಲ. ಬಣ್ಣ, ಮುಖ ಎಂದು ನಾನು ಹೇಳಿದ್ದೆಲ್ಲ ಸುತ್ತಲಿನವರ ಮಾತಿನಿಂದ ತಿಳಿದದ್ದು. ಅಸಂಖ್ಯ ವೃತ್ತಗಳನ್ನು ಬರೆದವನು, ಒಂದನ್ನೂ ನೋಡಿದವನಲ್ಲ. ನನಗೆ ಗೊತ್ತಿದ್ದದ್ದು ಇಷ್ಟು ಮುಂದೆ, ಇಷ್ಟು ಪಕ್ಕಕ್ಕೆ ಎಂಬ ಲೆಕ್ಕ ಮಾತ್ರ. ಈ ಮಕ್ಕಳು ವೃತ್ತವನ್ನು ನಾನು ತಿಳಿದ ಹಾಗೆಯೇ ತಿಳಿಯುತ್ತಿದ್ದರು, ಮತ್ತು ನನಗಿಂತ ಹೆಚ್ಚು ಸಂತೋಷದಿಂದ.

ಆ ವರ್ಷ ಯಾರೂ ಆ ಪಾಠ ಬಿಡಲಿಲ್ಲ. ಜ್ಯಾ, ಸ್ಪರ್ಶಕ, ಕಂಸ, ಎಲ್ಲವೂ ನನ್ನ ಮೊಳೆಯಿಂದ ಉಬ್ಬಿ ಬಂದವು. ವೈಜಯಂತಿ ಅಲ್ಲಿಯೇ ಟೀಚರಾದಳು. ಅವಳ ಕಣ್ಣಿನ ನಡುವೆ ಉಳಿದಿದ್ದ ಚೂರು ಬೆಳಕೂ ಆ ಹೊತ್ತಿಗೆ ಹೋಗಿತ್ತು. ಅದರ ಬಗ್ಗೆ ಅವಳು ತರಗತಿಯಲ್ಲಿ ಮಾತಾಡಿದ್ದನ್ನು ನಾನು ಕೇಳಿಲ್ಲ.

ಒಂದು ದಿನ ಸಾವಂತ್ರೆವ್ವ ಕೇಳಿದಳು: "ಟೀಚರ, ಚಂದಪ್ಪ ಸಣ್ಣ ಆಕ್ಕಾನ, ದೊಡ್ಡ ಆಕ್ಕಾನ ಅಂತಾರಲ್ರಿ. ಅಂದ್ರ ಚಪಾತಿ ಹಿಟ್ಟಿನ ಉಂಡಿ ಸಣ್ಣ ಆದಂಗೇನ್ರಿ?"

ಈರಣ್ಣ ಮಾಸ್ತರರೂ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. "ನನಗೂ ಅದು ಗೊತ್ತಿಲ್ರಿ ಮೇಡಂ" ಎಂದರು. "ಕೇಳಾಕ ನಾಚಿಕಿ ಆಗಿ ಬಿಟ್ಟಿದ್ದೆ."

ವೈಜಯಂತಿ ತಾನು ಕಂಡ ಚಂದ್ರನನ್ನೆಲ್ಲ ನೆನಪಿನಿಂದ ಕರೆಯುತ್ತಿದ್ದಳೋ ಏನೋ. ಆಮೇಲೆ ನನ್ನ ಗುಂಡಿಗಳ ಮೇಲೆ ಕೈಯಿಟ್ಟಳು. ಮೇಲಿನ ತುದಿಯಿಂದ ಕೆಳಗಿನ ತುದಿಗೆ ಒಂದು ಅರ್ಧ ವೃತ್ತ. ಕೆಳಗಿನಿಂದ ಮತ್ತೆ ಮೇಲಿನ ತುದಿಗೆ, ನಡುಬಿಂದುವನ್ನು ದೂರ ಸರಿಸಿ, ಇನ್ನೂ ದೊಡ್ಡ ವೃತ್ತದ ಒಂದು ತುಂಡು. "ಒಳಗಿನ ಗೆರಿ ಖರೇ ಅಂದ್ರ ವೃತ್ತದ ತುಂಡಲ್ಲ. ಆದ್ರ ನಮ್ಮ ಪೆಟಗಿಗೆ ಬರೋದು ಇಷ್ಟ. ಚಂದಪ್ಪ ಸಿಟ್ಟಾಗಂಗಿಲ್ಲ" ಎಂದಳು.

ಹಾಳೆ ತಿರುವಿ ಮುಟ್ಟಿದ ಕೂಡಲೇ ಹಣೆ ಬಡಿದುಕೊಂಡಳು. ಕಾಗದದ ಹಿಂಬದಿಯಲ್ಲಿ ಎಡ ಬಲವಾಗಿ, ಬಲ ಎಡವಾಗಿ ಮೂಡುತ್ತದೆ. ಬಲಕ್ಕೆ ಉಬ್ಬಿದ, ಬೆಳೆಯುವ ಚಂದ್ರನನ್ನು ಬರೆಸಲು ಹೋಗಿ ಎಡಕ್ಕೆ ಉಬ್ಬಿದ, ಕರಗುವ ಚಂದ್ರನನ್ನು ಬರೆಸಿದ್ದಳು. ಪೂರ್ತಿ ವೃತ್ತಗಳಲ್ಲಿ ಈ ವ್ಯತ್ಯಾಸ ಯಾರಿಗೂ ತಿಳಿದಿರಲಿಲ್ಲ. ಎಡವನ್ನು ಬಲ ಮಾಡಿ, ಗಡಿಯಾರದ ಮುಳ್ಳಿನಂತೆ ಸುತ್ತುತ್ತಿದ್ದ ನನ್ನನ್ನು ಅದಕ್ಕೆ ಎದುರಾಗಿ ಸುತ್ತಿಸಿದಳು.

ಬಿದಿಗೆಯ ಚಂದ್ರ ಬಂದ. ಸಾವಂತ್ರೆವ್ವ ಒಂದು ತುದಿಯಿಂದ ಹೊರಟು, ಹೊರಗಿನ ಬಾಗಿನಲ್ಲಿ ಇಳಿದು, ಚೂಪಾದ ಕೊಂಬು ಮುಟ್ಟಿ, ಒಳಗಿನ ಬಾಗಿನಲ್ಲಿ ಹತ್ತಿದಳು. "ಇಷ್ಟ ತೆಳ್ಳಗ?" ಎಂದು ಪಿಸುಗುಟ್ಟಿದಳು. "ಇದನ್ನ ಎಲ್ಲಾರೂ ಸುಮ್ಮನ ಮ್ಯಾಲ ನೋಡಿ ಹೋಗಿಬಿಡ್ತಾರೇನ್ರಿ?"

ದಿನಕ್ಕೊಂದು ಚಂದ್ರ ಬರೆದೆವು. ತದಿಗೆ, ಚೌತಿ, ಅಷ್ಟಮಿಯ ಅರ್ಧ, ಹುಣ್ಣಿಮೆಯ ಪೂರ್ತಿ. ಆಮೇಲೆ ಇನ್ನೊಂದು ಬದಿಯಿಂದ ಕರಗುವವನು. ಹುಡುಗಿಯರು ಹಾಳೆಗಳನ್ನು ಗೋಡೆಯುದ್ದಕ್ಕೆ ಅಂಟಿಸಿ, ಅದರ ಮೇಲೆ ಕೈಯಾಡಿಸುತ್ತಾ ಊಟದ ಕೋಣೆಗೆ ನಡೆದರು. ಹುಣ್ಣಿಮೆಯ ಮುಂದೆ ಯಾವಾಗಲೂ ಗದ್ದಲ.

ಈಗ ನನಗೆ ವಯಸ್ಸಾಗಿದೆ. ನನ್ನ ಪರದೆ ಆರಿಹೋಗಿದೆ. ಬೇರೆ ಕಡೆಯಾಗಿದ್ದರೆ ಇಷ್ಟಕ್ಕೇ ಗುಜರಿಗೆ ಹಾಕುತ್ತಿದ್ದರು. ಈ ಶಾಲೆಯಲ್ಲಿ ಅದು ಆರಿದ್ದು ಯಾರಿಗೂ ಗೊತ್ತೇ ಆಗಲಿಲ್ಲ. ಒಮ್ಮೆ ನೋಡಲು ಬಂದ ಬಶೀರಸಾಹೇಬರು ಹೇಳಿದ ಮೇಲೆ ಎಲ್ಲರೂ ನಕ್ಕರು. ಕಿಟಕಿಯ ಪಕ್ಕದ ಮೂಲೆಯಲ್ಲಿ ನನ್ನ ಜಾಗ. ಬೆಳಿಗ್ಗೆ ಬಿಸಿಲು ಬಂದು ತಗಡನ್ನು ಬೆಚ್ಚಗೆ ಮಾಡುತ್ತದೆ.

ಮೊನ್ನೆ ಗೋಡೆಯ ಸಾಲಿನ ಕೊನೆಯಲ್ಲಿ ಖಾಲಿ ಜಾಗ ಉಳಿದದ್ದನ್ನು ಸಾವಂತ್ರೆವ್ವ ಕಂಡುಹಿಡಿದಳು. ಅವಳು ಈಗ ಎಸ್ಸೆಸ್ಸೆಲ್ಸಿ.

"ಟೀಚರ, ಅಮಾಸಿ ಬರದs ಇಲ್ರಿ."

"ಅಮಾಸಿ ದಿನ ಚಂದಪ್ಪ ಕಾಣಂಗಿಲ್ಲಲ್ಲ."

"ಕಾಣಂಗಿಲ್ಲ ಅಂದ್ರ ಇರಂಗಿಲ್ಲೇನ್ರಿ?"

"ಇರ್ತಾನ" ಎಂದಳು ವೈಜಯಂತಿ. "ಪೂರ್ತಿ ಇರ್ತಾನ."

ಅವಳು ಹೊಸ ಹಾಳೆ ಹಾಸಿದಳು. ಹುಣ್ಣಿಮೆಗೆ ಕೊಟ್ಟಿದ್ದ ಲೆಕ್ಕವನ್ನೇ ಕೊಟ್ಟಳು. ಅದೇ ನಡುಬಿಂದು, ಅದೇ ತ್ರಿಜ್ಯ. ಒಂದೇ ಒಂದು ಮಾತನ್ನು ಬಿಟ್ಟಳು: ಮೊಳೆ ಇಳಿಸು ಎಂಬುದನ್ನು. ಗುಂಡಿ ಒತ್ತಿದಳು.

ಮೊಳೆ ಎತ್ತಿಕೊಂಡೇ ನಾನು ಹೊರಟೆ. ಕಾಗದಕ್ಕೆ ಏನೂ ತಾಗಲಿಲ್ಲ. ತರಗತಿ ನಿಶ್ಶಬ್ದವಾಯಿತು. ಆ ನಿಶ್ಶಬ್ದದಲ್ಲಿ ನನ್ನ ಎರಡು ಮೋಟರುಗಳ ದನಿ ಕೇಳಿಸಿತು. ಒಂದು ಏರುವಾಗ ಇನ್ನೊಂದು ಇಳಿಯುವುದು, ಒಂದು ಪೂರ್ತಿ ತಗ್ಗಿ ಹೋದಾಗ ಇನ್ನೊಂದು ತುಂಬಿ ಹಾಡುವುದು. ಯಾರೋ ಬರುವ ಸದ್ದಿಗೆ ಬಾಗಿಲ ಕಡೆ ತಿರುಗುವಂತೆ ಎಲ್ಲರೂ ನನ್ನ ಕಡೆ ತಿರುಗಿದ್ದರು.

ಸುತ್ತು ಮುಗಿಯಿತು. ಸಾವಂತ್ರೆವ್ವ ಹಾಳೆ ತೆಗೆದು ಎರಡೂ ಅಂಗೈಗಳಿಂದ ಸವರಿದಳು. ಅಂಚಿನಿಂದ ಅಂಚಿಗೆ ನುಣುಪು, ಎಲ್ಲೂ ಏನೂ ಇಲ್ಲ.

"ಬಂದು ಹ್ವಾದ್ರಿ ಟೀಚರ" ಎಂದಳು. "ನಾ ಕೇಳಿದೆ."

ಆ ಖಾಲಿ ಹಾಳೆಯನ್ನು ಅವಳೇ ಒಯ್ದು ಗೋಡೆಗೆ ಅಂಟಿಸಿದಳು.